ಸೌರಣೆಯ ಸಂಜೆ: ಭಾನುವಾರದ ಆರಾಧನೆಗೆ ಮನಸ್ಸು ಅಣಿ ಮಾಡಿಕೊಳ್ಳುವ ಬಗೆ

ನಮ್ಮ ಮನೆಯ ದೊಡ್ಡ ಜಗಳಗಳೆಲ್ಲ ಭಾನುವಾರ ಬೆಳಗ್ಗೆ ಏಳೂಕಾಲರಿಂದ ಎಂಟರೊಳಗೆ ನಡೆಯುತ್ತಿದ್ದವು. ಮಗನ ಒಂದು ಸಾಕ್ಸ್ ಸಿಗುತ್ತಿರಲಿಲ್ಲ. ನನ್ನ ಸೀರೆ ಪಿನ್ ಸಿಗುತ್ತಿರಲಿಲ್ಲ. ಪಿನ್ ಹುಡುಕುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯುತ್ತಿತ್ತು. ಕೆಳಗಿನಿಂದ ಕಾರ್ ಹಾರ್ನ್ ಬೇರೆ. ದಾರಿಯುದ್ದಕ್ಕೂ ಒಬ್ಬರ ಮೇಲೊಬ್ಬರು ರೇಗಿ, ಚರ್ಚಿನ ಗೇಟಿನ ಹತ್ತಿರ ಮುಖ ಸರಿಮಾಡಿಕೊಂಡು, ಮೊದಲ ಗೀತೆಯ ಮೂರನೇ ಚರಣದ ಹೊತ್ತಿಗೆ ಒಳಗೆ ನುಸುಳುತ್ತಿದ್ದೆವು. ಪಕ್ಕದವರಿಗೆ ನಗುತ್ತಾ ‘ವಂದನೆ’. ಮಗನಿಗೆ ಹಲ್ಲು ಕಚ್ಚಿಕೊಂಡು ‘ಮನೇಲಿ ಇದೆ ನಿಂಗೆ’.

ಹೀಗೆ ಎಷ್ಟು ವರ್ಷ ನಡೆಯಿತೋ ಲೆಕ್ಕ ಇಟ್ಟಿಲ್ಲ. ಆರಾಧನೆ ಮುಗಿಸಿ ಬಂದರೂ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಪಾಸ್ಟರ ಪ್ರಸಂಗ ಸಪ್ಪೆ, ಗಾಯನ ಸಪ್ಪೆ, ಫ್ಯಾನ್ ಸದ್ದು ಜಾಸ್ತಿ ಅಂತೆಲ್ಲ ದೂರುತ್ತಿದ್ದೆ. ನನ್ನ ಶನಿವಾರ ರಾತ್ರಿಯೇ ಅದಕ್ಕೆ ಕಾರಣ ಅಂತ ಹೊಳೆಯಲು ತುಂಬಾ ತಡವಾಯಿತು.

ಹೊಳೆದದ್ದು ಒಂದು ಹಳೆಯ ಪದದಿಂದ. ನಮ್ಮ ಕನ್ನಡ ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನವನ್ನು ‘ಸೌರಣೆಯ ದಿನ’ ಅಂತ ಕರೆದಿದ್ದಾರೆ. ಮಾರ್ಕನ ಸುವಾರ್ತೆಯ 15ನೇ ಅಧ್ಯಾಯದ 42ನೇ ವಚನ ನೋಡಿ. ಸೌರಣೆ ಅಂದರೆ ಸವರಣೆ, ಅಣಿಮಾಡಿಕೊಳ್ಳುವುದು. ಈಗ ಈ ಮಾತನ್ನು ಯಾರೂ ಆಡುವುದಿಲ್ಲ. ಧಾರವಾಡದಲ್ಲಿ ನಮ್ಮ ಅಜ್ಜಿ ಆಡುತ್ತಿದ್ದರು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯವರು 1837ರಲ್ಲೇ ಆ ಊರಿಗೆ ಬಂದಿದ್ದರು. ಅಜ್ಜಿಯ ಮನೆಯವರು ಆ ಹಳೆಯ ಸಭೆಯ ಜನ. ಶನಿವಾರ ಸಂಜೆಯಾದರೆ ಅಜ್ಜಿ ಬೇರೆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ‘ಐತ್ವಾರದ್ದು ಇವತ್ತ ಮುಗಸ್ಬೇಕವಾ, ನಾಳೆ ದೇವರ ಮನಿಗೆ ಹೋಗೋದೈತಿ’ ಅನ್ನುತ್ತಾ ಇದ್ದಿಲ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದರು.

ಯೆಹೂದ್ಯರಿಗೆ ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಆದಿಕಾಂಡದ ಮೊದಲ ಅಧ್ಯಾಯದಲ್ಲೂ ಸಾಯಂಕಾಲ ಮೊದಲು, ಬೆಳಗ್ಗೆ ಆಮೇಲೆ. ಹಾಗೆ ನೋಡಿದರೆ ಶನಿವಾರ ಸಂಜೆ ಆರೂವರೆಗೆ ನಮ್ಮ ಭಾನುವಾರ ಬಾಗಿಲು ತಟ್ಟಿರುತ್ತದೆ. ನಾವು ಮಾತ್ರ ಟಿವಿ ಮುಂದೆ ಕೂತಿರುತ್ತೇವೆ.

ಈಗ ನಮ್ಮ ಮನೆಯಲ್ಲಿ ಮಾಡುವುದನ್ನು ಒಂದೊಂದಾಗಿ ಹೇಳುತ್ತೇನೆ. ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ದಕ್ಷಿಣ ಭಾರತ ಸಭೆ) ಸಭೆಯವರು, ಹಾಗಾಗಿ ಮಾತೆಲ್ಲ ಆ ಕಡೆಯದೇ. ಬೇರೆ ಸಭೆಯವರು ನಿಮ್ಮ ಕ್ರಮಕ್ಕೆ ಹೊಂದಿಸಿಕೊಳ್ಳಿ.

ಮೊದಲು ಅಡುಗೆಮನೆ, ಆಮೇಲೆ ಪ್ರಾರ್ಥನೆ

ಮನಸ್ಸು ಅಣಿ ಮಾಡಿಕೊಳ್ಳುವ ವಿಷಯದಲ್ಲಿ ಅಡುಗೆಮನೆ ಯಾಕೆ ಬಂತು ಅನ್ನಬೇಡಿ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನ ಕೂಡಿಸಿಕೊಳ್ಳುತ್ತಾರಲ್ಲ, ಆರನೇ ದಿನ ಎರಡು ದಿನದ್ದನ್ನು ಕೂಡಿಸಿ, ಸುಡುವುದನ್ನು ಸುಟ್ಟು, ಬೇಯಿಸುವುದನ್ನು ಬೇಯಿಸಿ ಇಟ್ಟುಕೊಳ್ಳಿ ಅಂತ ಮೋಶೆ ಹೇಳುತ್ತಾನೆ. ಅಡುಗೆಯೂ ಸೌರಣೆಯೇ.

ನಮ್ಮ ಕಡೆ ಭಾನುವಾರದ ದೊಡ್ಡ ಗಲಾಟೆ ಅಂದರೆ ಕೋಳಿ. ಮಧ್ಯಾಹ್ನ ಸಾರಿಗೋ ಬಿರಿಯಾನಿಗೋ ಕೋಳಿ ಬೇಕು. ಬೆಳಗ್ಗೆ ಆರೂವರೆಗೆ ಅಂಗಡಿ ಮುಂದೆ ಹದಿನೈದು ಜನ ನಿಂತಿರುತ್ತಾರೆ. ಆ ಸಾಲಿನಲ್ಲಿ ನಿಂತು, ‘ನಂದು ಮೊದಲು’ ಅಂತ ಒಂದು ಸುತ್ತು ವಾದ ಮಾಡಿ ಬಂದವರ ಮನಸ್ಸು ಎಂಟು ಗಂಟೆಗೆ ಕೀರ್ತನೆ ಹಾಡುವ ಹದದಲ್ಲಿ ಇರುವುದಿಲ್ಲ. ಶನಿವಾರ ಸಂಜೆಯೇ ತಂದು, ಮೊಸರು, ಅರಿಸಿನ, ಉಪ್ಪು, ಶುಂಠಿ-ಬೆಳ್ಳುಳ್ಳಿ ಹಚ್ಚಿ ಫ್ರಿಜ್‌ನಲ್ಲಿ ಇಡಿ. ಸಾರೂ ರುಚಿಯಾಗುತ್ತದೆ. ಬೆಳಗಿನ ತಿಂಡಿಗೆ ದೋಸೆ ಬೇಡ. ಒಬ್ಬೊಬ್ಬರಿಗೆ ಹುಯ್ದುಕೊಡುವಷ್ಟರಲ್ಲಿ ಹೊತ್ತು ಹೋಗುತ್ತದೆ. ಇಡ್ಲಿ ಇಟ್ಟರೆ ಒಂದೇ ಸಲಕ್ಕೆ ಎಲ್ಲರದೂ ಆಗುತ್ತದೆ.

ಬಟ್ಟೆಯೂ ಅಷ್ಟೆ. ಎಲ್ಲರ ಬಟ್ಟೆ ಇಸ್ತ್ರಿಯಾಗಿ ಕುರ್ಚಿ ಮೇಲಿರಲಿ. ಪಿನ್ ಸೀರೆಗೇ ಚುಚ್ಚಿರಲಿ. ಸಾಕ್ಸ್ ಶೂ ಒಳಗೆ. ಸತ್ಯವೇದ, ಹಾಡಿನ ಪುಸ್ತಕ, ಕನ್ನಡಕ, ಕಾಣಿಕೆ, ಎಲ್ಲ ಒಂದೇ ಚೀಲದಲ್ಲಿ, ಚೀಲ ಬಾಗಿಲ ಹತ್ತಿರ. ಗಾಡಿಗೆ ಪೆಟ್ರೋಲ್ ಇದೆಯಾ ನೋಡಿಕೊಳ್ಳಿ. ಬೆಂಗಳೂರಿನವರಾದರೆ ಇನ್ನೊಂದು ಮಾತು: ಭಾನುವಾರ ಬೆಳಗ್ಗೆ ಮೆಟ್ರೋ ಉಳಿದ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ. ಮ್ಯಾರಥಾನ್ ಇದ್ದರೆ ಕಬ್ಬನ್ ಪಾರ್ಕ್ ಸುತ್ತಮುತ್ತ ಕೆಲವು ರಸ್ತೆ ಬಂದ್ ಆಗಿರುತ್ತವೆ. ರಾತ್ರಿಯೇ ನೋಡಿಕೊಂಡರೆ ಬೆಳಗ್ಗೆ ಪೊಲೀಸರ ಜೊತೆ ವಾದಿಸುವ ಕೆಲಸ ಇರುವುದಿಲ್ಲ.

ಇಲ್ಲಿ ಗಂಡಸರಿಗೆ ಒಂದು ಮಾತು. ಯೇಸು ಮನೆಗೆ ಬಂದಾಗ ಮಾರ್ಥ ಉಪಚಾರದ ಕೆಲಸದಲ್ಲಿ ಮುಳುಗಿದ್ದಳು, ತಂಗಿ ಮರಿಯ ಅವರ ಮಾತು ಕೇಳುತ್ತಾ ಕೂತಿದ್ದಳು. ಈ ಮಾರ್ಥ-ಮರಿಯರ ಮೇಲೆ ನಾನು ಹತ್ತಾರು ಪ್ರಸಂಗ ಕೇಳಿದ್ದೇನೆ. ಎಲ್ಲರೂ ಮಾರ್ಥಳಿಗೆ ಬುದ್ಧಿ ಹೇಳುವವರೇ. ಎದ್ದು ಹೋಗಿ ಆಕೆಯ ಕೈಯಿಂದ ಸೌಟು ಇಸಿದುಕೊಳ್ಳಿ ಅಂತ ಒಬ್ಬರೂ ಹೇಳಿದ್ದಿಲ್ಲ. ಈ ಪಟ್ಟಿಯನ್ನೆಲ್ಲ ಹೆಂಡತಿಯ ತಲೆಗೆ ಕಟ್ಟಿ, ನೀವು ಶನಿವಾರ ಸಂಜೆ ಭಕ್ತಿಯಿಂದ ಕೀರ್ತನೆ ಓದುತ್ತಾ ಕೂತರೆ ಒಬ್ಬರ ಮನಸ್ಸು ಅಣಿಯಾಗುತ್ತದೆ, ಇನ್ನೊಬ್ಬರದು ಕೆಡುತ್ತದೆ. ನಮ್ಮಲ್ಲಿ ಇಸ್ತ್ರಿ ಯಜಮಾನರದ್ದು, ಶೂ ಪಾಲಿಶ್ ಮಗನದ್ದು, ಚೀಲ ಮಗಳದ್ದು. ಕೋಳಿ ನನ್ನದು, ಯಾಕೆಂದರೆ ಬೇರೆಯವರು ಉಪ್ಪು ಜಾಸ್ತಿ ಹಾಕುತ್ತಾರೆ.

ಆ ಒಂದು ಫೋನ್

ಇಡೀ ಲೇಖನದಲ್ಲಿ ಕಷ್ಟದ ಭಾಗ ಇದು. ಬೇರೆಯದನ್ನೆಲ್ಲ ಬಿಟ್ಟು ಇದೊಂದನ್ನು ಮಾಡಿದರೂ ಸಾಕು ಅನ್ನುತ್ತೇನೆ.

ಬಲಿಪೀಠದ ಹತ್ತಿರ ಕಾಣಿಕೆ ತಂದಾಗ, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಅಂತ ಯೇಸು ಹೇಳಿದ್ದು ಮತ್ತಾಯ 5ರಲ್ಲಿದೆ. ಗಮನಿಸಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಹೇಳಲಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಅಂದರು. ಅಂದರೆ ತಪ್ಪು ಯಾರದು ಅಂತ ತೀರ್ಮಾನವಾಗುವವರೆಗೆ ಕಾಯುವ ಹಾಗಿಲ್ಲ. ಆದಿ ಸಭೆಯವರು ಇದನ್ನು ಸುಮ್ನೆ ಓದಿ ಬಿಡಲಿಲ್ಲ. ‘ದಿದಖೆ’ ಅಂತ ಬಹಳ ಹಳೆಯ ಒಂದು ಸಭಾ ಕೈಪಿಡಿ ಇದೆ. ಕರ್ತನ ದಿನ, ಅಂದರೆ ಭಾನುವಾರ, ಸೇರಿ ರೊಟ್ಟಿ ಮುರಿಯುವ ಮುಂಚೆ ಪಾಪ ಅರಿಕೆ ಮಾಡಿ, ಜೊತೆಯವರೊಡನೆ ಜಗಳ ಇರುವವರು ರಾಜಿಯಾಗುವ ತನಕ ಬರಬಾರದು ಅಂತ ಅದರ 14ನೇ ಅಧ್ಯಾಯದಲ್ಲಿದೆ. ಆ ನಿಯಮ ಈಗ ಜಾರಿಗೆ ಬಂದರೆ ನಮ್ಮ ಎಷ್ಟು ಸಭೆಗಳ ಕಮಿಟಿ ಬೆಂಚು ಖಾಲಿಯಾಗುತ್ತದೋ, ಬೇಡ ಬಿಡಿ.

ನನ್ನದೇ ಕತೆ ಹೇಳುತ್ತೇನೆ. ಅತ್ತೆಯವರ ಹಿತ್ತಾಳೆ ಪಾತ್ರೆಗಳ ವಿಷಯದಲ್ಲಿ ನನಗೂ ನಮ್ಮ ಓರಗಿತ್ತಿಗೂ ಮಾತು ನಿಂತಿತ್ತು. ಮೂರು ತಿಂಗಳು. ಇಬ್ಬರೂ ಒಂದೇ ಸಭೆ. ನಮ್ಮ ಆರಾಧನಾ ಕ್ರಮದಲ್ಲಿ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ) ಮುಂಚೆ ಸಮಾಧಾನ ಹಂಚುವುದು ಅಂತ ಇದೆ. ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿತು. 1950ರಲ್ಲಿ ಅದು ತನ್ನ ಆರಾಧನಾ ಕ್ರಮ ಬರೆದುಕೊಂಡಾಗ ಇದನ್ನು ಕೇರಳದ ಸುರಿಯಾನಿ ಸಂಪ್ರದಾಯದಿಂದ ತೆಗೆದುಕೊಂಡಿತು. ಬಲಿಪೀಠದ ಹತ್ತಿರದಿಂದ ಕೈಯಿಂದ ಕೈಗೆ ದಾಟಿಕೊಂಡು ಬರುತ್ತದೆ. ಒಬ್ಬರ ಎರಡು ಅಂಗೈ ನಡುವೆ ಇನ್ನೊಬ್ಬರ ಕೈ. ಒಂದು ಭಾನುವಾರ ನಾವು ತಡವಾಗಿ ಹೋಗಿ ಸಿಕ್ಕ ಜಾಗದಲ್ಲಿ ಕೂತಿದ್ದೆವು. ಸಮಾಧಾನ ನಮ್ಮ ಬೆಂಚಿನಲ್ಲಿ ಒಬ್ಬೊಬ್ಬರನ್ನೇ ದಾಟಿ ಬರುತ್ತಿದ್ದಾಗ ನೋಡಿದರೆ, ನನಗೆ ಕೊಡಬೇಕಾದವರು ಅವರೇ! ನಾನು ಬಗ್ಗಿ ಚೀಲದಲ್ಲಿ ಏನೋ ಹುಡುಕುವ ಹಾಗೆ ಮಾಡಿದೆ. ಅವರ ಎರಡು ಕೈ ಸ್ವಲ್ಪ ಹೊತ್ತು ಹಾಗೇ ಮುಂದಿತ್ತು. ಬಳೆ ಸದ್ದು ಕೇಳಿಸಿತು. ಆಮೇಲೆ ನನ್ನ ಮಗಳು ನನ್ನನ್ನು ದಾಟಿ ಕೈ ಚಾಚಿ ತೆಗೆದುಕೊಂಡಳು. ಆಗ ಅವಳಿಗೆ ಏಳು ವರ್ಷ.

ಮುಂದಿನ ಶನಿವಾರ ಫೋನ್ ಮಾಡಿದೆ. ಮಾಡುವ ಮುಂಚೆ ಎರಡು ಸಲ ನೀರು ಕುಡಿದೆ.

‘ಅಕ್ಕಾ, ಊಟ ಆಯ್ತಾ?’

‘ಆಯ್ತು. ನಿಂದು?’

‘ಇನ್ನೂ ಇಲ್ಲ. ಹೋದ ವಾರ ನಾನು ಕೈ ಕೊಡಲಿಲ್ಲ. ತಪ್ಪಾಯ್ತು.’

ಆ ಕಡೆ ಕುಕ್ಕರ್ ವಿಷಲ್ ಕೂಗಿತು. ‘ನಾಳೆ ಬೇಗ ಬಾ, ಜಾಗ ಹಿಡಿದಿರ್ತೀನಿ’ ಅಂದರು. ಅಷ್ಟೇ. ಪಾತ್ರೆಗಳ ಮಾತು ಇವತ್ತಿಗೂ ಬಗೆಹರಿದಿಲ್ಲ.

ಇದರಿಂದ ನಾನು ಕಲಿತದ್ದು ಹೀಗೆ. ಫೋನ್ ಚಿಕ್ಕದಾಗಿರಲಿ. ‘ನೀವೂ ಹಾಗೆ ಅನ್ನಬಾರದಿತ್ತು’ ಅನ್ನುವ ಮಾತು ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಕಾರಣ ವಿವರಿಸಲು ಹೋಗಬೇಡಿ, ವಿವರಣೆ ಎರಡನೇ ಜಗಳದ ಬೀಜ. ಸಂದೇಶ ಕಳಿಸುವುದಕ್ಕಿಂತ ದನಿ ಮೇಲು. ವಾಟ್ಸಾಪ್‌ನಲ್ಲಿ ಕೈಮುಗಿದ ಚಿತ್ರ ಕಳಿಸಿ ಮುಗಿಯಿತು ಅಂದುಕೊಳ್ಳಬೇಡಿ. ಅವರು ಎತ್ತದಿದ್ದರೆ ಮುಂದಿನ ವಾರ ಮತ್ತೆ ಮಾಡಿ. ಆದರೆ ಎದುರಿನವರು ನಿಮ್ಮನ್ನು ಹೊಡೆದವರು, ಹಿಂಸೆ ಕೊಟ್ಟವರು ಆಗಿದ್ದರೆ ಈ ಮಾತು ನಿಮಗಲ್ಲ. ಅಂಥವರಿಗೆ ಫೋನ್ ಮಾಡಬೇಕಾದ ಹಂಗು ನಿಮಗಿಲ್ಲ. ನಂಬುವ ಒಬ್ಬ ಹಿರಿಯರ ಹತ್ತಿರ ಮಾತಾಡಿ.

ಪ್ರತಿ ವಾರ ಯಾರೊಡನೆಯಾದರೂ ಜಗಳ ಇರಲೇಬೇಕು ಅಂತೇನಿಲ್ಲ. ಊಟದ ನಂತರ ಐದು ನಿಮಿಷ ಕೂತು ವಾರದ ಒಂದೊಂದೇ ದಿನ ನೆನಪು ಮಾಡಿಕೊಳ್ಳಿ. ಸೋಮವಾರ ಯಾರಿಗೆ ರೇಗಿದೆ, ಮನೆಕೆಲಸದವಳಿಗೆ ಏನಂದೆ, ಆಟೋದವನ ಹತ್ತಿರ ಹೇಗೆ ಮಾತಾಡಿದೆ. ಬಹಳ ಸಲ ತಪ್ಪು ಕೇಳಬೇಕಾದ ಮನುಷ್ಯ ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತಿರುತ್ತಾನೆ.

ಪಾಠ ಮುಂಚೆಯೇ ಓದಿಕೊಳ್ಳಿ

ಸಿ.ಎಸ್.ಐ. ಸಭೆಗಳಲ್ಲಿ ವರ್ಷದ ಪ್ರತಿ ಭಾನುವಾರಕ್ಕೂ ಒಂದು ವಿಷಯ, ಅದಕ್ಕೆ ತಕ್ಕ ಪಾಠಗಳು ಮುಂಚೆಯೇ ಗೊತ್ತಿರುತ್ತವೆ. ಸಭೆಯ ವಾರ್ಷಿಕ ಪಂಚಾಂಗವಾದ ಅಲ್ಮನಾಕ್‌ನಲ್ಲಿ ಅಚ್ಚಾಗಿರುತ್ತದೆ. ಕಥೋಲಿಕರಿಗೂ ವಾಚನಗಳ ಪಟ್ಟಿ ಇದೆ, ಮೂರು ವರ್ಷಕ್ಕೊಂದು ಸುತ್ತು. ನಿಮ್ಮ ಸಭೆಯಲ್ಲಿ ಹಾಗೇನೂ ಇಲ್ಲದಿದ್ದರೆ ಪಾಸ್ಟರಿಗೆ ಶುಕ್ರವಾರ ಕೇಳಿ: ‘ಈ ವಾರ ಯಾವ ಭಾಗ?’ ಅವರಿಗೆ ಖುಷಿಯಾಗುತ್ತದೆ. ಇನ್ನೂ ತೀರ್ಮಾನಿಸಿರದಿದ್ದರೆ ಅವರಿಗೂ ಒಳ್ಳೆಯದೇ.

ಗಟ್ಟಿಯಾಗಿ ಓದಿ. ಸುವಾರ್ತೆ ಭಾಗ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಓದಿದ ಮೇಲೆ ಮಕ್ಕಳಿಗೆ ಪಾಠ ಹೇಳಲು ಹೋಗಬೇಡಿ. ‘ಇದರಲ್ಲಿ ಏನು ಅರ್ಥ ಆಗಲಿಲ್ಲ?’ ಅಂತ ಮಾತ್ರ ಕೇಳಿ. ಒಂದು ಪ್ರಶ್ನೆ ಜೇಬಲ್ಲಿ ಇಟ್ಟುಕೊಂಡು ಹೋದವರು ಪ್ರಸಂಗ ಕೇಳುವ ರೀತಿಯೇ ಬೇರೆ. ಯೇಸು ಹೇಳಿದ ಬಿತ್ತುವವನ ಸಾಮ್ಯದ (ಬೀಜ ಬಿತ್ತುವಾಗ ಕೆಲವು ದಾರಿ ಮೇಲೆ ಬಿದ್ದ ಕತೆಯ) ವಾರ ನಮ್ಮ ಮಗ ಕೇಳಿದ: ‘ದಾರಿ ಮೇಲೆ ಯಾಕೆ ಬಿತ್ತಿದ, ಅವನಿಗೆ ಕಾಣ್ತಿರಲಿಲ್ವಾ?’ ಮರುದಿನ ಪೂರ್ತಿ ಪ್ರಸಂಗ ಬಾಯಿಬಿಟ್ಟುಕೊಂಡು ಕೇಳಿದ. ಉತ್ತರ ಸಿಗಲಿಲ್ಲ ಅಂತ ಪಾಸ್ಟರ್ ಅಯ್ಯನವರನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದ.

ಪಾಠದ ಜೊತೆಗೆ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ. 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳಿಗೆ ‘ಯಾತ್ರಾಗೀತೆ’ ಅಂತ ಹೆಸರಿದೆ. ಯೆರೂಸಲೇಮಿಗೆ ಹಬ್ಬಕ್ಕೆ ಬೆಟ್ಟ ಹತ್ತಿ ಹೋಗುವವರ ಹಾಡುಗಳು ಅಂತ ಓದಿಕೊಂಡು ಬಂದಿದ್ದಾರೆ. ಶನಿವಾರಕ್ಕೊಂದರಂತೆ ಹಿಡಿದರೆ ಹದಿನೈದು ವಾರಕ್ಕೆ ಸಾಕು. ಹೆಚ್ಚಿನವು ಪುಟ್ಟವು, 131, 133, 134 ಮೂರು ಮೂರೇ ವಚನ. ನನಗೆ ಹತ್ತಿರವಾದದ್ದು 131. ತಾಯಿಯ ಹತ್ತಿರ ಮೊಲೆ ಬಿಟ್ಟ ಮಗು ಇರುವ ಹಾಗೆ ನನ್ನ ಪ್ರಾಣ ಸುಮ್ಮನಾಗಿದೆ ಅನ್ನುತ್ತದೆ. ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡವರಿಗೆ ಗೊತ್ತು, ಅದು ಸುಮ್ನೆ ಕೂರುವುದಿಲ್ಲ. ಮೂಗಿನಿಂದ ತಡಕುತ್ತದೆ, ಸೆರಗು ಎಳೆಯುತ್ತದೆ, ಬೇಕೇ ಬೇಕು ಅನ್ನುತ್ತದೆ. ಹಾಲು ಬಿಟ್ಟ ಮಗು ಬರೀ ತೊಡೆ ಮೇಲೆ ಕೂರಲು ಬರುತ್ತದೆ. ಆರಾಧನೆಗೆ ನಾನು ಹೆಚ್ಚಾಗಿ ಹಾಲು ಕುಡಿಯುವ ಕೂಸಾಗಿ ಹೋಗುತ್ತೇನೆ, ಕೈಯಲ್ಲಿ ಪಟ್ಟಿ ಹಿಡಿದುಕೊಂಡು. ದೇವರು ಅದಕ್ಕೂ ಬೇಡ ಅನ್ನುವುದಿಲ್ಲ. ಆದರೂ ಅಪರೂಪಕ್ಕೊಮ್ಮೆ ಸುಮ್ನೆ ಹೋಗಿ ಕೂರಲು ಕಲಿಯಬೇಕು ಅನ್ನಿಸುತ್ತದೆ.

ಕಾಣಿಕೆಯ ಗಂಟು

ತಟ್ಟೆ ಹತ್ತಿರ ಬರುತ್ತಿದ್ದಂತೆ ಜೇಬು ತಡಕಿ, ಇನ್ನೂರರ ನೋಟು ಕೈಗೆ ಬಂದರೆ ಒಳಗೆ ತಳ್ಳಿ, ಹತ್ತರ ನೋಟು ಹುಡುಕುವ ಕಲೆ ನಮ್ಮಲ್ಲಿ ಎಷ್ಟೋ ಜನಕ್ಕೆ ಸಿದ್ಧಿಸಿದೆ. ವಾರದ ಮೊದಲ ದಿನ ಪ್ರತಿಯೊಬ್ಬರೂ ಸಂಪಾದನೆಗೆ ತಕ್ಕಂತೆ ಎತ್ತಿಟ್ಟುಕೊಳ್ಳಿ ಅಂತ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ. ಎತ್ತಿಡುವುದು ಮನೆಯಲ್ಲಿ ಆಗಬೇಕಾದ ಕೆಲಸ. ಅಜ್ಜಿ ಶನಿವಾರವೇ ಕರ್ಚೀಫಿನ ಒಂದು ಮೂಲೆಗೆ ನಾಣ್ಯ ಇಟ್ಟು ಗಂಟು ಹಾಕಿ ನನ್ನ ಕೈಗೆ ಕೊಡುತ್ತಿದ್ದರು. ಎಷ್ಟು ಬಿಗಿ ಅಂದರೆ ಆರಾಧನೆಯಲ್ಲಿ ಹಲ್ಲಿನಿಂದ ಬಿಚ್ಚಬೇಕಾಗಿತ್ತು. ಮಿಜೋರಾಂನ ಹೆಂಗಸರು ಪ್ರತಿ ಹೊತ್ತಿನ ಅಡುಗೆಗೂ ಒಂದು ಹಿಡಿ ಅಕ್ಕಿ ಸಭೆಗೆಂದು ತೆಗೆದಿಡುತ್ತಾರೆ. ಕೇರಳದಲ್ಲೂ ಪಿಡಿಯರಿ ಅಂತ ಇದೇ ರೂಢಿ ಇದೆ. ಈಗ ಕ್ಯೂಆರ್ ಕೋಡ್ ಬಂದಿದೆ, ತಪ್ಪೇನಿಲ್ಲ. ಆದರೆ ಮಕ್ಕಳ ಕೈಗೆ ನಾಣ್ಯ, ನೋಟು ಕೊಡಿ. ಅಪ್ಪ ಫೋನ್ ನೋಡುತ್ತಿದ್ದರೆ ಕಾಣಿಕೆ ಹಾಕುತ್ತಿದ್ದಾರೋ ಸ್ಕೋರ್ ನೋಡುತ್ತಿದ್ದಾರೋ ಅವಕ್ಕೆ ಹೇಗೆ ಗೊತ್ತಾಗಬೇಕು?

ನಿದ್ದೆ

ಹತ್ತು ಗಂಟೆಗೆ ಮಲಗಿ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತ್ರೋವದಲ್ಲಿ ಯೂತಿಖ ಅನ್ನುವ ಹುಡುಗ ಪೌಲನ ಪ್ರಸಂಗ ಕೇಳುತ್ತಾ ಕಿಟಕಿಯಲ್ಲಿ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಅದೂ ವಾರದ ಮೊದಲ ದಿನವೇ. ಅವನನ್ನು ಬದುಕಿಸಲು ಅಪೊಸ್ತಲರು ಅಲ್ಲೇ ಇದ್ದರು. ಐಪಿಎಲ್ ಪಂದ್ಯ ಮುಗಿಯುವವರೆಗೆ ಎದ್ದಿದ್ದು ಬರುವವರಿಗೆ ಪಕ್ಕದ ಬೆಂಚಿನವರ ಮೊಣಕೈಯೇ ಗತಿ.

ಭಾನುವಾರ ಬೆಳಗ್ಗೆ

ಎದ್ದ ಮೊದಲ ಒಂದು ಗಂಟೆ ಫೋನ್ ನೋಡಬೇಡಿ. ಕಷ್ಟ, ಗೊತ್ತು. ಅಲಾರಂಗೆ ಹಳೆಯ ಟೈಂಪೀಸ್ ಇದ್ದರೆ ತೆಗೆಯಿರಿ. ಸುದ್ದಿ ನೋಡಿದರೆ ಮನಸ್ಸು ದೆಹಲಿಗೆ ಹೋಗುತ್ತದೆ, ಆಫೀಸ್ ಮೇಲ್ ನೋಡಿದರೆ ಸೋಮವಾರಕ್ಕೆ ಹೋಗುತ್ತದೆ. ತಿಂಡಿ ಮಾಡುವಾಗ ಅಂದಿನ ಒಂದು ಗೀತೆ ಗುನುಗಿ. ನಮ್ಮ ಹಾಡುಗಳಲ್ಲಿ ಎರಡು ಬಗೆ: ಜರ್ಮನ್, ಇಂಗ್ಲಿಷ್ ರಾಗಕ್ಕೆ ಕೂತವು, ನಮ್ಮದೇ ಧಾಟಿಯವು. ಅಡುಗೆಮನೆಗೆ ಎರಡನೆಯವು ಒಗ್ಗುತ್ತವೆ, ಒಗ್ಗರಣೆ ಸದ್ದಿನ ನಡುವೆಯೂ ತಾಳ ತಪ್ಪುವುದಿಲ್ಲ.

ಇಪ್ಪತ್ತು ನಿಮಿಷ ಮುಂಚೆ ತಲುಪುವ ಹಾಗೆ ಹೊರಡಿ. ಯಾರಾದರೂ ತಡ ಮಾಡಿದರೆ ಬಿಟ್ಟುಬಿಡಿ. ರೇಗಿ ಸಮಯಕ್ಕೆ ಸರಿಯಾಗಿ ತಲುಪುವುದಕ್ಕಿಂತ ರೇಗದೆ ಐದು ನಿಮಿಷ ತಡವಾಗುವುದು ವಾಸಿ. ಇದನ್ನು ನಮ್ಮ ಸಭೆಯ ಹಿರಿಯರು ಒಪ್ಪುವುದಿಲ್ಲ. ನಾನಂತೂ ಮಕ್ಕಳ ಮುಖ ನೋಡಿ ಈ ತೀರ್ಮಾನಕ್ಕೆ ಬಂದಿದ್ದೇನೆ.

ಭಾನುವಾರವೂ ಡ್ಯೂಟಿ ಇರುವ ನರ್ಸ್‌ಗಳು, ಡ್ರೈವರ್‌ಗಳು, ಸೆಕ್ಯೂರಿಟಿಯವರು, ಹೋಟೆಲಿನವರು ಇದನ್ನೆಲ್ಲ ಓದಿ ಬೇಸರ ಪಟ್ಟುಕೊಳ್ಳಬೇಡಿ. ಮೊದಲ ಕ್ರೈಸ್ತರಿಗೆ ಭಾನುವಾರ ರಜೆಯೇ ಇರಲಿಲ್ಲ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ರಜೆ ಕೊಟ್ಟದ್ದು ಕ್ರಿ.ಶ. 321ರಲ್ಲಿ. ಅದಕ್ಕೆ ಇನ್ನೂರು ವರ್ಷ ಮುಂಚೆ, 112ರ ಸುಮಾರಿಗೆ, ರೋಮ್ ಸಾಮ್ರಾಜ್ಯದ ಬಿಥೂನ್ಯ ಪ್ರಾಂತ್ಯದ ಅಧಿಪತಿ ಪ್ಲಿನಿ ತನ್ನ ಕಾಲದ ಚಕ್ರವರ್ತಿಗೆ ಬರೆದ ಕಾಗದದಲ್ಲಿ, ಈ ಜನ ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರಿ ಕ್ರಿಸ್ತನಿಗೆ ಹಾಡುತ್ತಾರೆ ಅಂತ ಇದೆ. ಅವರಲ್ಲಿ ದಾಸ ದಾಸಿಯರೂ ಇದ್ದರು. ಹಾಡು ಮುಗಿಸಿ ಕೆಲಸಕ್ಕೆ ಹೋಗಬೇಕಿತ್ತು. ನಿಮ್ಮ ಪಾಳಿ ಬೆಳಗಿನದಾದರೆ ಸಂಜೆಯ ಆರಾಧನೆ ಎಲ್ಲಿದೆ ನೋಡಿ. ಅದೂ ಆಗದಿದ್ದರೆ ಆ ದಿನದ ಪಾಠ ಬಸ್ಸಿನಲ್ಲಿ ಓದಿಕೊಳ್ಳಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದು, ಯೂನಿಫಾರ್ಮ್‌ನಲ್ಲೇ ಕೊನೆಯ ಬೆಂಚಲ್ಲಿ ಕೂರುವ ಒಬ್ಬ ಹುಡುಗಿ ನಮ್ಮ ಸಭೆಯಲ್ಲಿದ್ದಾಳೆ. ಅವಳು ನಿದ್ದೆ ಮಾಡಿದರೆ ನಾವು ಯಾರೂ ಎಬ್ಬಿಸುವುದಿಲ್ಲ.

ಬೆಂಚಿನಲ್ಲಿ ಕೂತ ಮೇಲೆ

ನಮ್ಮ ಕ್ರಮದ ಮೊದಲ ಭಾಗದ ಹೆಸರೇ ಸಿದ್ಧತೆ. ಎಲ್ಲ ಹೃದಯಗಳೂ ಯಾರಿಗೆ ತೆರೆದಿವೆಯೋ ಆ ದೇವರೇ ನಮ್ಮ ಯೋಚನೆಗಳನ್ನು ಶುದ್ಧಿಮಾಡು ಅನ್ನುವ ಪ್ರಾರ್ಥನೆ ಅಲ್ಲೇ ಬರುತ್ತದೆ. ಬಾಯಿಪಾಠವಾಗಿರುವುದರಿಂದ ಅದರ ಮೇಲೆ ಕಾಲಿಟ್ಟುಕೊಂಡು ದಾಟಿಬಿಡುತ್ತೇವೆ. ಗಂಟೆ ಹೊಡೆಯುವ ಮುಂಚಿನ ಹತ್ತು ನಿಮಿಷದಲ್ಲಿ ಅದನ್ನು ಪುಸ್ತಕದಲ್ಲಿ ಒಂದು ಸಲ ನಿಧಾನವಾಗಿ ಓದಿಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ, ಮನೆಯಿಂದ ಹೊತ್ತು ತಂದ ಚಿಂತೆಗೆ ಹೆಸರಿಡಿ: ಸ್ಕೂಲ್ ಫೀಸು, ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು, ಮೇಲಿನ ಮನೆಯವರ ನೀರಿನ ಪೈಪು. ಹೆಸರಿಟ್ಟರೆ ಅದು ಸ್ವಲ್ಪ ಹೊತ್ತು ಚೀಲದ ಪಕ್ಕ ಕೂರುತ್ತದೆ. ಪೂರ್ತಿ ಹೋಗುವುದಿಲ್ಲ.

ಅಷ್ಟಾದ ಮೇಲೆ ಸುತ್ತ ನೋಡಿ. ಒಬ್ಬರೇ ಕೂತವರು ಯಾರು, ಹೊಸಬರು ಯಾರು, ಎರಡು ವಾರದಿಂದ ಕಾಣದವರು ಯಾರು. ಅವರಲ್ಲಿ ಒಬ್ಬರಿಗಾಗಿ ಎರಡು ಮಾತು ಪ್ರಾರ್ಥಿಸಿ.

ಕರ್ತನ ಭೋಜನದ ಭಾನುವಾರ ಮಾತ್ರ ಕೆಲವರು ಮನೆಯಲ್ಲೇ ಉಳಿಯುತ್ತಾರೆ. ‘ನನಗೆ ಯೋಗ್ಯತೆ ಇಲ್ಲ’ ಅನ್ನುತ್ತಾರೆ. ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ ಅನ್ನುವ 1 ಕೊರಿಂಥ 11ರ ಮಾತು ಅವರನ್ನು ಹೆದರಿಸಿಬಿಟ್ಟಿದೆ. ಆ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿ. ಕೊರಿಂಥದಲ್ಲಿ ಉಳ್ಳವರು ಮುಂಚೆ ಬಂದು ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡು ಇರುತ್ತಿದ್ದರು. ಪೌಲನ ಸಿಟ್ಟು ಅದಕ್ಕೆ. ಕೊನೆಗೆ ಅವನು ಕೊಟ್ಟ ಪರಿಹಾರವೂ ಸರಳ: ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ. ಹಾಗಾಗಿ ಪರೀಕ್ಷಿಸಿಕೊಳ್ಳುವಾಗ ಎದೆಯೊಳಗಿನ ಭಕ್ತಿ ಎಷ್ಟು ಡಿಗ್ರಿ ಇದೆ ಅಂತ ಅಳೆಯುವ ಮುಂಚೆ ಇದನ್ನೂ ಕೇಳಿಕೊಳ್ಳಿ: ಈ ಸಭೆಯಲ್ಲಿ ಯಾರ ಪಕ್ಕ ಕೂರಲು ನಾನು ಹಿಂಜರಿಯುತ್ತೇನೆ? ಯಾರ ಮನೆಯಲ್ಲಿ ಊಟ ಮಾಡಿಲ್ಲ? ಜಾತಿ, ದುಡ್ಡು, ಊರು, ಯಾವುದು ಅಡ್ಡ? ಉತ್ತರ ಸಿಕ್ಕಿದರೆ ಮನೆಯಲ್ಲಿ ಉಳಿಯಬೇಡಿ, ಬನ್ನಿ. ಬಂದು ಅವರ ಪಕ್ಕ ಕೂತುಕೊಳ್ಳಿ.

ಏನೂ ಅನ್ನಿಸದ ಭಾನುವಾರ

ಇಷ್ಟೆಲ್ಲ ಮಾಡಿಯೂ ಮನಸ್ಸು ಕಲ್ಲಿನ ಹಾಗೆ ಕೂತಿರುವ ದಿನಗಳು ಇರುತ್ತವೆ. ಅಪ್ಪ ತೀರಿಕೊಂಡ ಮೇಲೆ ನಾಲ್ಕು ತಿಂಗಳು ನನಗೆ ಒಂದು ಹಾಡೂ ಬಾಯಿಗೆ ಬರಲಿಲ್ಲ. ಪುಸ್ತಕ ಹಿಡಿದು ಸುಮ್ನೆ ನಿಲ್ಲುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಅಜ್ಜ ಯಾವಾಗಲೂ ಒಂದು ಸಾಲು ಹಿಂದೆ, ಶ್ರುತಿ ಬಿಟ್ಟು, ಗಟ್ಟಿಯಾಗಿ ಹಾಡುತ್ತಿದ್ದರು. ಮುಂಚೆ ಅದಕ್ಕೆ ಒಳಗೊಳಗೇ ನಗುತ್ತಿದ್ದೆ. ಆ ನಾಲ್ಕು ತಿಂಗಳು ಅವರ ಮುಂದೆಯೇ ಹುಡುಕಿಕೊಂಡು ಹೋಗಿ ಕೂತೆ. ನನ್ನ ಪಾಲಿನದನ್ನೂ ಅವರೇ ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಅಂಥ ವಾರಗಳಲ್ಲಿ ಮಾಡಬೇಕಾದದ್ದು ಹೋಗಿ ನಿಲ್ಲುವುದು, ಅಷ್ಟೇ. ಮಲಗುವ ಮುಂಚೆ ಯಾರೊಬ್ಬರ ಹತ್ತಿರವಾದರೂ ‘ನಾಳೆ ನನ್ನ ಪಕ್ಕ ಕೂತ್ಕೊಳ್ತೀರಾ?’ ಅಂತ ಕೇಳಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ಬರುವ ದಾರಿಯಲ್ಲಿ ಪ್ರಸಂಗಕ್ಕೆ ಮಾರ್ಕ್ಸ್ ಹಾಕುವ ಅಭ್ಯಾಸ ನಮ್ಮಲ್ಲಿತ್ತು. ಈಗ ಅದರ ಬದಲು ಪ್ರತಿಯೊಬ್ಬರೂ ಕೇಳಿದ್ದರಲ್ಲಿ ಒಂದು ಮಾತು ಹೇಳಬೇಕು. ‘ನೆನಪಿಲ್ಲ’ ಅನ್ನುವುದಕ್ಕೂ ಅವಕಾಶ ಇದೆ, ಸತತ ಎರಡು ವಾರ ಮಾತ್ರ ಇಲ್ಲ. ಊಟವಾದ ಮೇಲೆ ಮಗಳು ಅಲ್ಮನಾಕ್ ನೋಡಿ ಮುಂದಿನ ಭಾನುವಾರದ ಪಾಠ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸುತ್ತಾಳೆ. ಹಾಲು ತೆಗೆಯುವಾಗೆಲ್ಲ ಕಣ್ಣಿಗೆ ಬೀಳುತ್ತದೆ.

ಹೊಸದಾಗಿ ಶುರು ಮಾಡುವವರು ಇಷ್ಟನ್ನೂ ಒಂದೇ ವಾರ ಮಾಡಲು ಹೋಗಬೇಡಿ, ಶನಿವಾರವೇ ಜಗಳವಾಗುತ್ತದೆ. ಮೊದಲ ವಾರ ಬಟ್ಟೆ ಮತ್ತು ಚೀಲ. ಎರಡನೇ ವಾರ ಪಾಠ. ಫೋನ್ ಮಾತ್ರ ಇವತ್ತೇ ಮಾಡಬಹುದು. ಅವರ ಊಟ ಆಗಿರುತ್ತದೆ.